ಹತ್ತರಗಿಯ ತವಡಿನ ಬುಟ್ಟಿ

ಸೈನಿಕ ಹುಳು ನಮ್ಮ ಕಡೆಗೆ ಹೇಗೆ ಬಂತೆಂದು ಇವತ್ತಿಗೂ ಯಾರೂ ಖಚಿತವಾಗಿ ಹೇಳುವುದಿಲ್ಲ. ಅದು ಅಮೆರಿಕದ ಹುಳು, ಆಫ್ರಿಕಾಕ್ಕೆ ಹೋಗಿ ಅಲ್ಲಿಂದ ಸಮುದ್ರ ದಾಟಿ ಬಂತು ಎನ್ನುತ್ತಾರೆ. ನನಗೆ ಗೊತ್ತಿರುವುದು ಇಷ್ಟೆ. ಒಂದು ಮುಂಗಾರಿನಲ್ಲಿ, ಮೂಡಲಗಿ ಹತ್ತಿರದ ನಮ್ಮೂರಿಗೆ ಹೋದಾಗ, ನನ್ನ ಅಣ್ಣ ಹೊಲದಿಂದ ಗೋವಿನಜೋಳದ ಒಂದು ಗಿಡ ಕಿತ್ತು ತಂದು ನನ್ನ ಮುಂದೆ ಒಗೆದ. ಸುಳಿಯ ತುಂಬ ಕಟ್ಟಿಗೆಯ ಹೊಟ್ಟಿನಂಥ ಹಿಕ್ಕೆ. ಬಿಡಿಸಿ ನೋಡಿದರೆ ಒಳಗೊಂದು ಕಂದು ಹುಳು, ಅದರ ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರ.

"ನೀ ಹುಳದ ಮಾಸ್ತರ ಅಲ್ಲೇನು? ಇದರ ಹೆಸರ ಹೇಳು," ಎಂದ.

ನನಗೆ ಹೇಳಲಾಗಲಿಲ್ಲ. ನನ್ನ ಕಪಾಟಿನಲ್ಲಿದ್ದ ಯಾವ ಪುಸ್ತಕವೂ ಅದನ್ನು ನಮ್ಮ ದೇಶದ ಹುಳು ಎಂದು ಬರೆದಿರಲಿಲ್ಲ.

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಆ ಹುಳುವನ್ನು ಮನೆಗೆ ತಂದೆ, ಹೆಂಡತಿಯ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಎಲೆ ಹಾಕಿ ಸಾಕತೊಡಗಿದೆ. ಒಂದೇ ಡಬ್ಬಿಯಲ್ಲಿ ಎರಡು ಬಿಟ್ಟರೆ ಬೆಳಿಗ್ಗೆ ಒಂದೇ ಉಳಿದಿರುತ್ತಿತ್ತು, ಇನ್ನೊಂದರ ತಲೆಯ ಚಿಪ್ಪು ಮಾತ್ರ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಒಂದು ರವಿವಾರ ಅದನ್ನು ಕಣ್ಣಾರೆ ಕಂಡೆ. ದೊಡ್ಡದು ಸಣ್ಣದನ್ನು ಹಿಂದಿನಿಂದ ಕಚ್ಚಿ ತಿನ್ನುತ್ತ ಬಂತು. ಸಣ್ಣದು ತನ್ನ ಅರ್ಧ ಮೈ ಹೋಗುವವರೆಗೂ ಎಲೆ ಕಡಿಯುವುದನ್ನು ನಿಲ್ಲಿಸಲಿಲ್ಲ. ಹೆಂಡತಿ ಬಗ್ಗಿ ನೋಡಿ, ಆ ಡಬ್ಬಿಗಳನ್ನು ಮತ್ತೆ ಅಡುಗೆಮನೆಗೆ ತರಬ್ಯಾಡ್ರಿ ಎಂದಳು.

ಮುಂದಿನ ವರ್ಷದ ಹೊತ್ತಿಗೆ ಹುಕ್ಕೇರಿ, ಗೋಕಾಕ, ಮೂಡಲಗಿ ಮೂರೂ ಕಡೆ ಈ ಹುಳುವಿಲ್ಲದ ಗೋವಿನಜೋಳದ ಹೊಲ ಇರಲಿಲ್ಲ. ಹುಕ್ಕೇರಿಯಲ್ಲಿ ರೈತರ ಸಭೆ ಕರೆದರು, ನನ್ನನ್ನೂ ಮಾತಾಡಲು ಕರೆದರು. ತವಡಿಗೆ ಬೆಲ್ಲ ಕಲೆಸಿ ಒಂದು ದಿನ ನೆನೆಯಿಡಬೇಕು, ಕೊನೆಗೆ ವಿಷ ಬೆರೆಸಿ ಚಿಟಿಕೆಯಷ್ಟು ಸುಳಿಯೊಳಗೆ ಉದುರಿಸಬೇಕು, ಬೆಲ್ಲದ ವಾಸನೆಗೆ ಹುಳು ಮೇಲೆ ಬಂದು ತಿಂದು ಸಾಯುತ್ತದೆ ಎಂದು ಬಿಡಿಸಿ ಹೇಳಿದೆ. ದನಕರು, ಮಕ್ಕಳಿಂದ ದೂರ ಇಡಿ ಎಂದೂ ಹೇಳಿದೆ. ಆದರೆ ಅದನ್ನು ಹೇಳಿದ್ದು ಕೊನೆಯಲ್ಲಿ, ಒಂದೇ ಸಲ, ಜನ ಚಹಾಕ್ಕೆ ಏಳುತ್ತಿದ್ದಾಗ.

ಆ ಸಭೆಯಲ್ಲಿ ಪರಿಚಯವಾದವರು ಹತ್ತರಗಿಯ ರೈತರೊಬ್ಬರು. ಐವತ್ತು ದಾಟಿದ ಮನುಷ್ಯ. ನಾನು ಕಾಕಾ ಎನ್ನುತ್ತಿದ್ದೆ. ಅವರಿಗೆ ಹುಳುಗಳ ಮೇಲೆ ನನಗಿಂತ ಹೆಚ್ಚು ಕಣ್ಣಿತ್ತು. ಒಮ್ಮೆ ಬೆಂಕಿಪೊಟ್ಟಣದಲ್ಲಿ ಒಂದು ಸೈನಿಕ ಹುಳು ಕಳಿಸಿಕೊಟ್ಟರು. "ಇದು ತಿನ್ನೂದು ಬಿಟ್ಟೈತಿ ಸರ, ಸುಮ್ಮ ಕುಂತೈತಿ, ಏನಾಗೈತಿ ನೋಡ್ರಿ" ಎಂದರು. ನಾಲ್ಕನೆಯ ದಿನ ಅದರ ಪಕ್ಕೆ ಸೀಳಿಕೊಂಡು ಒಂದು ಮರಿ ಹೊರಬಂದು ಗೂಡು ಕಟ್ಟಿತು. ಗೂಡಿನಿಂದ ಬಂದದ್ದು ಸೊಳ್ಳೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಕಣಜ. ಜೀವಂತ ಹುಳುವಿನೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿಂದಲೇ ತಿನ್ನಿಸುವ ಜಾತಿ. ಈ ಕಣಜ ಈ ಹೊಸ ಹುಳುವಿನ ಮೇಲೆ ನಮ್ಮ ಭಾಗದಲ್ಲಿ ಕಂಡದ್ದು ಯಾರ ಬರಹದಲ್ಲೂ ಇರಲಿಲ್ಲ. ನಾನು ಹಿಗ್ಗಿದೆ. ಮರುದಿನ ಇರುವೆಗಳು ಬಂದು ಆ ಕಣಜವನ್ನು ಹರಿದು ಹಾಕಿದವು. ದಾಖಲೆಗೆ ಇನ್ನಷ್ಟು ಕಣಜಗಳು ಬೇಕಾಗಿದ್ದವು.

ಹಾಗಾಗಿ ಶ್ರಾವಣದ ಒಂದು ಬೆಳಿಗ್ಗೆ ಹತ್ತರಗಿಯ ಹೆದ್ದಾರಿಯ ಪಕ್ಕ ಬಸ್ಸಿಳಿದು ಕಾಕಾಗೆ ಫೋನ್ ಮಾಡಿದೆ.

"ಈಗ ತವಡಕ್ಕ ವಿಷ ಕಲಸೇನ್ರಿ ಸರ. ಸುಳಿಗೆ ಹಾಕಿ ಬರತೇನಿ, ಒಂದ ತಾಸ ಕುಂದ್ರತೀರೇನು?" ಎಂದರು.

"ಬಿಸಲ ಏರಿದರ ಕಣಜ ಸಿಗೂದಿಲ್ಲ ಕಾಕಾ. ಈಗ ಬರ್ರಿ," ಎಂದೆ.

ಅವರು ತವಡಿನ ಬುಟ್ಟಿಯನ್ನು ಬದುವಿನ ಬೇವಿನಗಿಡದ ಬುಡಕ್ಕೆ ಸರಿಸಿ, ಮೋಟರ್‌ಸೈಕಲ್ ಹತ್ತಿ ಬಂದರು. ನಾವು ಇನ್ನೊಂದು ಕಡೆಯಿಂದ ಹೊಲಕ್ಕೆ ಇಳಿದೆವು. ಬೆಳೆ ಎದೆಮಟ್ಟ ಇತ್ತು. ಅವರು ಬಲಗೈಯ ಬೆರಳುಗಳಿಂದ ಒಂದೊಂದೇ ಸುಳಿ ಬಿಡಿಸಿ ಹುಳು ಎತ್ತಿಕೊಡುತ್ತಿದ್ದರು, ಸಾಕಿ ಒಳಗಿನ ಕಣಜ ಪಡೆಯಲೆಂದು ನಾನು ಒಂದೊಂದನ್ನೇ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದೆ. ಅರ್ಧ ತಾಸಾಗಿರಬೇಕು. ಬದುವಿನ ಕಡೆಯಿಂದ ಹೆಂಗಸೊಬ್ಬಳು ಚೀರಿದ್ದು ಕೇಳಿಸಿತು.

ಕಣಗಲಾ ಕಡೆಯಿಂದ ಕುರಿ ಹೊಡೆದುಕೊಂಡು ಬಂದ ಒಂದು ಕುಟುಂಬ. ಮುದುಕಿ, ಆಕೆಯ ಇಬ್ಬರು ಬೆಳೆದ ಗಂಡುಮಕ್ಕಳು. ಬಂಡಿದಾರಿಯಲ್ಲಿ ಹೋಗುತ್ತಿದ್ದಾಗ ಬೆಲ್ಲದ ವಾಸನೆ ಹಿಡಿದು ಕುರಿಗಳು ಬದುವಿಗೆ ನುಗ್ಗಿದ್ದವು. ನಾವು ಓಡಿ ಬರುವಷ್ಟರಲ್ಲಿ ಬುಟ್ಟಿ ಬೋರಲಾಗಿ ಬಿದ್ದಿತ್ತು. ಏಳೆಂಟು ಕುರಿ ಮಗ್ಗುಲಾಗಿ ಬಿದ್ದು ಕಾಲು ಝಾಡಿಸುತ್ತಿದ್ದವು. ಬಾಯಿಯಿಂದ ಜೊಲ್ಲು ನೊರೆಯಾಗಿ ಸುರಿಯುತ್ತಿತ್ತು. ಒಂದು ಗಬ್ಬದ ಕುರಿ ಎದ್ದು ನಿಲ್ಲಲು ನೋಡಿ ಮುಖ ಅಡಿಯಾಗಿ ಬಿತ್ತು, ಬಿದ್ದಲ್ಲೇ ಕುತ್ತಿಗೆಯನ್ನು ಹಿಂದಕ್ಕೆ ಹೊಳ್ಳಿಸಿ ಸೆಟೆದುಕೊಂಡಿತು. ಉಳಿದವು ಇನ್ನೂ ನೆಲದ ಮೇಲಿನ ತವಡು ನೆಕ್ಕುತ್ತಿದ್ದವು.

ನಾನು ಯೋಚಿಸದೆ ಕೂಗಿದೆ. "ಹೊಡೀರಿ ಅವನ್ನ, ಆಚೆ ಹೊಡೀರಿ! ತವಡದಾಗ ವಿಷ ಐತಿ!"

ಹಿರಿಯ ಮಗ ನನ್ನ ಕಡೆ ತಿರುಗಿದ. "ನಿನಗ ಹೆಂಗ ಗೊತ್ತು?"

ಉತ್ತರಕ್ಕೆ ಕಾಯಲಿಲ್ಲ. ಹೆಗಲ ಚೀಲ ಜಗ್ಗಿದ, ಪಟ್ಟಿ ಹರಿಯಿತು. ಬಲೆ, ಚಿಮಟಿಗೆ, ಸಿರಿಂಜು, ಹುಳು ಕೊಲ್ಲುವ ಬಾಟಲಿ ಹೊರಗೆ ಬಿದ್ದವು. ಬಾಟಲಿಯ ತಳದಲ್ಲಿ ಸತ್ತ ಪತಂಗಗಳಿದ್ದವು. ಮುಚ್ಚಳ ತೆಗೆದು ಮೂಸಿ ನೋಡಿದ.

"ವಿಷದ ಬಾಟಲಿ ಹಿಡಕೊಂಡ ಅಡ್ಡ್ಯಾಡತಾನ ನೋಡ ಈ ಮಗ!"

ಮೊದಲ ಬಡಿಗೆ ಹೆಗಲಿಗೆ ಬಿತ್ತು. ಎರಡನೆಯದಕ್ಕೆ ನಾನು ನೆಲದಲ್ಲಿದ್ದೆ. ಪಕ್ಕೆಗೆ ಒದ್ದಾಗ ಒಳಗೆ ಏನೋ ಮುರಿದದ್ದು ಗೊತ್ತಾಯಿತು, ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ದಾರಿಯಲ್ಲಿದ್ದ ಜನ ಓಡಿ ಬಂದರು. ಏನಾಯಿತು ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಬಂದವರು ಬಂದಂತೆ ಒದೆಯತೊಡಗಿದರು. ಒಬ್ಬ ನನ್ನ ಹುಳುಗಳ ಡಬ್ಬಿಗಳನ್ನು ಒಂದೊಂದಾಗಿ ಮೆಟ್ಟಿ ಒಡೆಯುತ್ತಿದ್ದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಕೆಲಸ ಮುಗಿಸುವವನ ಶಿಸ್ತು ಇತ್ತು. ಬಾಯಲ್ಲಿ ಮಣ್ಣು, ರಕ್ತ. ಸಾಯುತ್ತೇನೆ ಅನಿಸಿತು.

ಆಗ ಕಾಕಾ ನಡುವೆ ಬಂದರು. ಎರಡೂ ಕೈ ಚಾಚಿ ನನ್ನ ಮೇಲೆ ಬಗ್ಗಿದರು. "ಬ್ಯಾಡ್ರೋ, ಹೊಡಿಬ್ಯಾಡ್ರೋ, ಇವರು ಸರ ಅದಾರ, ಕಾಲೇಜಿನ ಸರ!" ನನಗೆ ಬೀಳಬೇಕಿದ್ದ ಎರಡು ಏಟು ಅವರ ಬೆನ್ನಿಗೆ ಬಿದ್ದವು. ಅವರ ಬೆವರಿನ ವಾಸನೆ ನನ್ನ ಮೂಗಿಗೆ ಬರುತ್ತಿತ್ತು. ಅಷ್ಟು ಹತ್ತಿರ ಇದ್ದರು.

ಅವರ ತೋಳಿನ ಕೆಳಗಿನಿಂದಲೇ ನಾನು ಕೈ ಎತ್ತಿ ಅವರನ್ನು ತೋರಿಸಿದೆ.

"ನಂದಲ್ಲರೀ! ಹೊಲ ಇವರದು, ತವಡ ಇವರದು, ಇವರ ಇಟ್ಟಾರ!"

ಈ ಮಾತು ನನ್ನ ಬಾಯಿಂದ ಬಂದದ್ದೇ. ಅರೆಪ್ರಜ್ಞೆಯಲ್ಲಿದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಇರಲಿಲ್ಲ. ಪೂರ್ತಿ ಎಚ್ಚರವಿದ್ದೆ.

ಕಿರಿಯ ಮಗನ ಕೈಯಲ್ಲಿ ಗಿಡದ ಟೊಂಗೆ ಕಡಿಯುವ ಉದ್ದ ಗಳದ ಕುಡುಗೋಲಿತ್ತು. ಅವನು ಬೀಸಿದ. ಕಾಕಾ ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದರು. ಎರಡು ಬೆರಳು ನೆಲಕ್ಕೆ ಬಿದ್ದವು. ಮೂರನೆಯದು ತೊಗಲಿಗೆ ಜೋತುಬಿತ್ತು. ರಕ್ತ ನನ್ನ ಕನ್ನಡಕದ ಮೇಲೆ ಚಿಮ್ಮಿತು. ಕಾಕಾ ಕೈಯನ್ನೇ ನೋಡುತ್ತ ನಿಂತರು. ಒಂದು ಕ್ಷಣ ಎಲ್ಲರೂ ನಿಂತರು. ಆಮೇಲೆ ಯಾರೋ ಹಿಂದಿನಿಂದ ಕೊಡಲಿಯ ಕಾವಿನಿಂದ ಅವರ ಬೆನ್ನಿಗೆ ಹೊಡೆದರು, ಮತ್ತೆ ಶುರುವಾಯಿತು.

ನಿಲ್ಲಿಸಿದವಳು ಮುದುಕಿ. ನಮ್ಮ ಮೇಲಿನ ಕರುಣೆಯಿಂದಲ್ಲ. "ಅಲ್ಲಿ ಕುರಿ ಸಾಯಾಕತ್ತಾವ, ನೀವಿಲ್ಲಿ ಮನಷ್ಯಾರನ್ನ ಕಡ್ಯಾಕತ್ತೀರೇನ್ರೋ? ಬರ್ರೋ ಇಲ್ಲಿ, ಹಿಡೀರೋ ಅವನ್ನ!" ಎಂದು ಎದೆ ಬಡಿದುಕೊಂಡು ಕೂಗಿದಳು. ಮಕ್ಕಳು ಓಡಿದರು. ಉಳಿದವರು ಹಿಂದೆ ಸರಿದರು.

ಕಾಕಾ ರುಮಾಲು ಬಿಚ್ಚಿ ಕೈಗೆ ಸುತ್ತಿಕೊಂಡು ನನ್ನ ಪಕ್ಕ ಕುಳಿತರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. "ಸರ, ದನದ ಡಾಕ್ಟರಗ ಫೋನ್ ಹಚ್ಚರಿ. ನನ್ನ ಕಿಸೆದಾಗ ಐತಿ, ತಗೋರಿ," ಎಂದರು.

ಅವರ ಅಂಗಿಯ ಕಿಸೆಯಿಂದ ಫೋನ್ ತೆಗೆದು ಹಚ್ಚಿದೆ. ವಿಷದ ಹೆಸರು ಹೇಳಿದೆ. ಡಾಕ್ಟರ್ ಹುಕ್ಕೇರಿಯಿಂದ ಸರಿಯಾದ ಇಂಜೆಕ್ಷನ್ ಹಿಡಿದುಕೊಂಡೇ ಬಂದರು. ಅಷ್ಟರಲ್ಲಿ ಕಾಕಾನನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಬೆರಳುಗಳನ್ನು ಯಾರೋ ಗೋವಿನಜೋಳದ ಎಲೆಯಲ್ಲಿ ಸುತ್ತಿ ಕೊಟ್ಟಿದ್ದರು. ಕೂಡಿಸಲಾಗಲಿಲ್ಲ, ಜೋತಿದ್ದದ್ದನ್ನೂ ತೆಗೆದರು.

ನಾನು ಹೋಗಲಿಲ್ಲ. ಬದುವಿಗೆ ಒರಗಿ ಕುರಿಗಳ ತಲೆ ಹಿಡಿಯುತ್ತಿದ್ದೆ, ಡಾಕ್ಟರ್ ಚುಚ್ಚುತ್ತಿದ್ದರು. ನನ್ನ ಪಕ್ಕೆಗೆ ಒದ್ದಿದ್ದ ಹಿರಿಯ ಮಗನೇ ಅದೇ ಕುರಿಯ ಕಾಲು ಹಿಡಿದಿರುತ್ತಿದ್ದ. ಹೆಚ್ಚು ತಿಂದಿರದವು ಉಳಿದವು. ಹದಿನೇಳು ಸತ್ತವು. ನೊರೆ ನೆಕ್ಕಿದ ಅವರ ನಾಯಿಯೂ ಸತ್ತಿತು. ಮುದುಕಿ ಕುರಿಗಳಿಗೆ ಅತ್ತಿರಲಿಲ್ಲ, ನಾಯಿಗೆ ಅತ್ತಳು. ಸಂಜೆ ಯಂತ್ರ ತರಿಸಿ ಕಾಕಾನ ಹೊಲದ ಒಂದು ಮೂಲೆಯ ಬೆಳೆ ಮುರಿದು ತಗ್ಗು ತೋಡಿ, ಸುಣ್ಣ ಸುರಿದು ಎಲ್ಲವನ್ನೂ ಹೂಳಿದರು.

ಪೊಲೀಸರಿಗೆ ಕಾಕಾ, ಮೇವಿನ ಕಣಕಿ ಕತ್ತರಿಸುವ ಯಂತ್ರದಲ್ಲಿ ಕೈ ಸಿಕ್ಕಿತು ಎಂದರು. ಬುಟ್ಟಿ ಬಿಟ್ಟುಹೋದದ್ದು ತಮ್ಮದೇ ತಪ್ಪು, ಕೇಸು ಬೇಡ ಎಂದು ಊರ ಹಿರಿಯರ ಮುಂದೆ ಅವರೇ ಹೇಳಿದರಂತೆ. ನಾನು ಕಾಲೇಜಿನಲ್ಲಿ ಮೋಟರ್‌ಸೈಕಲ್ಲಿನಿಂದ ಬಿದ್ದೆ ಎಂದೆ.

ಎಂಟನೆಯ ದಿನ ಪಕ್ಕೆಗೆ ಪಟ್ಟಿ ಬಿಗಿದುಕೊಂಡು ಆಸ್ಪತ್ರೆಗೆ ಹೋದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಕಾಕಾನ ಹೆಂಡತಿ ಮಂಚದ ಪಕ್ಕ ಕುಳಿತು ಅವರಿಗೆ ಅನ್ನ ತಿನ್ನಿಸುತ್ತಿದ್ದರು.

"ಕಾಕಾ, ನಾ ಅವತ್ತ ನಿಮ್ಮನ್ನ ತೋರಿಸಿದ್ದು..." ಎಂದೆ.

"ಖರೆನ ಹೇಳಿದಿರಲ್ರಿ ಸರ. ತವಡ ನಂದ ಇತ್ತು," ಎಂದರು ಅವರು.

ಹೆಂಡತಿ ತಾಟು ಕೆಳಗಿಟ್ಟರು. "ಖರೆ ಹೇಳೂದಿದ್ರ ಪೂರಾ ಹೇಳಬೇಕಿತ್ತಲ್ರಿ. ವಿಷ ಕಲಸಿದಾವರನ್ನ ಫೋನ್ ಮಾಡಿ ಕರದಾವರು ಯಾರು, ಅದನ್ನೂ ಅಲ್ಲೆ ಹೇಳಬೇಕಿತ್ತು."

"ನೀ ಸುಮ್ಮ ಕುಂದ್ರ," ಎಂದರು ಕಾಕಾ.

"ನಾ ಯಾಕ ಸುಮ್ಮ ಕುಂದ್ರಲಿ? ನಾಳೆ ಕಸ ತಗ್ಯಾಕ ಕುರುಪಿ ಹಿಡಿಯಾವರು ಇವರೇನು?"

ನಾನು ತಂದಿದ್ದ ಬಾಳೆಹಣ್ಣಿನ ಚೀಲವನ್ನು ಕಿಟಕಿಯಲ್ಲಿಟ್ಟು ಹೊರಬಂದೆ. ಕ್ಷಮಿಸಿ ಎಂಬ ಮಾತನ್ನು ಆ ದಿನ ಹೇಳಲಾಗಲಿಲ್ಲ. ಎರಡು ತಿಂಗಳ ನಂತರ ಅವರ ಮನೆಗೆ ಹೋಗಿ ಹೇಳಿದೆ. ಕಾಕಾ ಚಹಾ ಕುಡಿಸಿದರು. ಅವರ ಹೆಂಡತಿ ಒಳಗಿಂದ ಹೊರಬರಲಿಲ್ಲ.

ಕಣಜ ನನಗೆ ಮತ್ತೆ ಸಿಗಲಿಲ್ಲ. ಬೇರೊಂದು ಜಿಲ್ಲೆಯವರು ಅದನ್ನು ಅದೇ ಹುಳುವಿನ ಮೇಲೆ ಕಂಡು ಬರೆದರು. ಓದಿದಾಗ ಮೊದಲು ಸಿಟ್ಟು ಬಂತು. ಇಂಥದ್ದಕ್ಕೆ ಸಿಟ್ಟು ಬಂತಲ್ಲ ಎಂದು ನಾಚಿಕೆಯಾದದ್ದು ಬಹಳ ಹೊತ್ತಿನ ಮೇಲೆ.

ಆಮೇಲೆ ಒಮ್ಮೆ ಧುಪದಾಳದಲ್ಲಿ ರೈತರ ಮುಂದೆ ಮಾತಾಡುವಾಗ, ಸುಳಿಗೆ ಮರಳು, ಬೂದಿ ಹಾಕಿ ನೋಡಿ ಎಂದೆ. ತವಡಿನ ಮಾತು ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಯಾರು ಕರೆದರು, ಯಾರು ಅಡ್ಡ ಬಂದರು, ಯಾರು ಕೈ ತೋರಿಸಿದರು, ಎಲ್ಲ. ಕೊನೆಗೆ ಹಿಂದಿನ ಸಾಲಿನವರೊಬ್ಬರು, "ಅದೆಲ್ಲಾ ಇರಲಿ ಸರ, ಆ ತವಡಕ್ಕ ಹುಳಾ ಸಾಯತಾವೋ ಇಲ್ಲೋ?" ಎಂದು ಕೇಳಿದರು. ಸಾಯುತ್ತವೆ ಎಂದೆ. ಸುಳ್ಳು ಹೇಳಲಾಗುವುದಿಲ್ಲ.

ಕಾಕಾ ಈಗಲೂ ಹೊಲ ಮಾಡುತ್ತಾರೆ. ಎಡಗೈಯಲ್ಲಿ ಕುರುಪಿ ಹಿಡಿಯುವುದನ್ನು ಕಲಿತಿದ್ದಾರೆ. ಆಗಾಗ ಫೋನಿನಲ್ಲಿ ಹುಳುಗಳ ಚಿತ್ರ ಕಳಿಸುತ್ತಾರೆ, ನಾನು ಹೆಸರು ಹೇಳುತ್ತೇನೆ. ಹೊಲಕ್ಕೆ ಬರ್ರಿ ಎಂದು ಅವರು ಒಮ್ಮೆಯೂ ಕರೆದಿಲ್ಲ. ಹೋದ ತಿಂಗಳು ಬದನೆಯ ಎಲೆಯ ಮೇಲೆ ಕುಳಿತ ಒಂದು ಕೀಟದ ಚಿತ್ರ ಬಂತು. ರೆಕ್ಕೆಯ ಮೇಲೆ ಬಿಳಿ ಪುಡಿ, ಕಾಲು ಕೆಂಪು. ನಾನು ಅಂಥದನ್ನು ಎಂದೂ ಕಂಡಿರಲಿಲ್ಲ. ಜೀವಂತ ಒಂದೆರಡು ಡಬ್ಬಿಯಲ್ಲಿ ಹಾಕಿ ಇಡಿ ಕಾಕಾ, ನಾನು ನಾಳೆ ಬರುತ್ತೇನೆ ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಅವರ ಧ್ವನಿಸಂದೇಶ ಬಂತು, ಎಂದಿನ ಮೆತ್ತಗಿನ ಧ್ವನಿ.

"ನೀವು ಬರೂದು ಬ್ಯಾಡ್ರಿ ಸರ. ಅದನ್ನ ಆಗಲೇ ಹೊಸಕಿ ಒಗದೇನಿ."