ಪ್ರಭಾಕರ ಅಂಕಲ್ ಮನೆಯ ಚಳಿ

ಹ್ಯೂಸ್ಟನ್ನಿನ ಆಗಸ್ಟ್ ಬಿಸಿಲಿನಲ್ಲೂ ಮನೆಯೊಳಗೆ ಮಂಕಿಟೋಪಿ ಹಾಕಿಕೊಂಡು ಓಡಾಡುತ್ತಿದ್ದ ಮನುಷ್ಯ ನಮ್ಮ ಪ್ರಭಾಕರ ಅಂಕಲ್ ಒಬ್ಬರೇ. ಊರಂಚಿನ ಶುಗರ್ ಲ್ಯಾಂಡಿನ ಅವರ ಮನೆಗೆ ಊಟಕ್ಕೆ ಕರೆದರೆ ಆಂಟಿಯರು ಶಾಲು ಹೊದ್ದೇ ಬರುತ್ತಿದ್ದರು. "ಮದುವೆ ಆಗಿದ್ದಿದ್ರೆ ಹೆಂಡ್ತಿ ಈ ಏಸಿ ಆಫ್ ಮಾಡಿಸ್ತಿದ್ಲು" ಎಂದು ನಗುತ್ತಿದ್ದರು.

ಚಳಿ ಬೇಕಿದ್ದದ್ದು ಅವರಿಗಲ್ಲ, ಒಳಕೋಣೆಯ ರೀಲುಗಳಿಗೆ. ಗಂಡಸರನ್ನು ಪ್ರೀತಿಸುವ ಗಂಡಸರ ಹಳೆಯ ನೀಲಿಚಿತ್ರಗಳು; ಬೇರೆಲ್ಲೂ ಪ್ರತಿ ಉಳಿದಿರದಂಥವು. ನಾನೂ ಅವರ ಹಾಗೆಯೇ ಎಂದು ಗೊತ್ತಾದ ಮೇಲೆ ನನಗೊಬ್ಬನಿಗೆ ಆ ಬಾಗಿಲು ತೆರೆದರು. ಒಂದೊಂದೇ ಡಬ್ಬಿ ತೆಗೆದು, ಸಾರು ಹಳಸಿದೆಯೇ ಎಂದು ನೋಡುವವರ ಹಾಗೆ ಮೂಸುತ್ತಿದ್ದರು. ಶೆಕೆ ತಗುಲಿದರೆ ಹಳೆಯ ಫಿಲ್ಮು ಹುಳಿ ವಾಸನೆ ಬಂದು, ಮುದುಡಿ ಅಂಟಿಕೊಂಡು, ಮತ್ತೆ ಬಿಚ್ಚುವುದಿಲ್ಲವಂತೆ.

ಒಮ್ಮೆ ಡಾಲಸ್‌ನಲ್ಲಿ, ಮುಚ್ಚಿಹೋದ ಥಿಯೇಟರೊಂದರ ರೀಲು ಸಿಕ್ಕಿತು. ವಾಪಸ್ ಹೊರಡುವಾಗ ಐಸ್ ಬಾಕ್ಸಿನಿಂದ ನಮ್ಮ ಮೊಸರನ್ನ ಹೊರತೆಗೆದು ರೀಲನ್ನು ಒಳಗಿಟ್ಟರು. "ಅನ್ನ ಹುಳಿ ಆದ್ರೆ ಆಗ್ಲಿ ಕಣೋ, ಇದು ಆಗ್ಬಾರ್ದು." ಹಸಿವಿನಲ್ಲಿ ನಾನು ದಾರಿಯುದ್ದಕ್ಕೂ ಗೊಣಗಿದೆ.

ಮನೆಗೆ ಬಂದು ಪ್ರೊಜೆಕ್ಟರಿಗೆ ಏರಿಸಿದರು. ಉಳಿದವರು ಕಾದು ಕೂರುವ ದೃಶ್ಯಗಳು ಅವರಿಗೆ ಬೇಡ. ಮೀಸೆಯವನೊಬ್ಬ ಕಾಫಿ ಬಗ್ಗಿಸುತ್ತಾ ಕ್ಯಾಮೆರಾ ನೋಡಿ ನಕ್ಕುಬಿಡುವುದನ್ನೇ ಮತ್ತೆ ಮತ್ತೆ ಹಾಕಿದರು. "ಆ ಏಡ್ಸ್ ಕಾಯಿಲೆ ಬಂದಾಗ ಇವರೆಲ್ಲ ಹೋಗ್ಬಿಟ್ರು. ಮನೆಯವರು ಒಂದು ಫೋಟೋನೂ ಇಟ್ಕೊಳ್ಲಿಲ್ಲ. ಇವನು ನಗ್ತಿರೋದು ಇನ್ನು ಇದೊಂದ್ರಲ್ಲೇ."

ಆಸ್ಟಿನ್‌ನಲ್ಲಿ ಇಂಥವನ್ನು ಕಾಪಾಡುವವರಿದ್ದಾರೆ, ಕೊಟ್ಟುಬಿಡಿ ಎಂದೆ.

"ಕೊಟ್ಟವರ ಹೆಸರು ಹಾಕ್ತಾರೆ. ರಮೇಶಂಗೆ ಗೊತ್ತಾದ್ರೆ?"

ರಮೇಶ ಅವರ ತಮ್ಮ, ಡಾಲಸ್ ಆಚೆಯ ಪ್ರಾಸ್ಪರ್‌ನಲ್ಲಿ ಸಂಸಾರ. ಅಣ್ಣನೆಂದರೆ ಪ್ರಾಣ. ಕಳೆದ ಮೇ ತಿಂಗಳಲ್ಲಿ ಅಂಕಲ್ ಆಸ್ಪತ್ರೆ ಸೇರಿದಾಗಿನಿಂದ ಪ್ರತಿ ಶನಿವಾರ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಮನೆಯ ಬೀಗದ ಕೈಯೂ ಅವರ ಬಳಿಯೇ ಇತ್ತು.

ಆಗಸ್ಟ್‌ನಲ್ಲಿ ನಾನು ನೋಡಲು ಹೋದ ದಿನ ರಮೇಶ ಅಣ್ಣನಿಗೆ ಗಂಜಿ ಕುಡಿಸುತ್ತಿದ್ದರು. ಮನೆಯ ಮಾತು ಬಂತು.

"ಏಸಿ ಚಿಂತೆ ನಿಂಗೆ ಬೇಡ ಅಣ್ಣ. ಖಾಲಿ ಮನೆಗೆ ಯಾಕೆ ಅಂತ ನೀನು ಅಡ್ಮಿಟ್ ಆದ ದಿನಾನೇ ಆಫ್ ಮಾಡ್ಬಿಟ್ಟೆ."

ಅಂಕಲ್ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಒಳ್ಳೇದು ಮಾಡ್ದೆ" ಎಂದು ತಮ್ಮನ ಕೈ ತಟ್ಟಿ, ಗೋಡೆಯ ಕಡೆ ತಿರುಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಭುಜ ಅಲುಗತೊಡಗಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಅಷ್ಟು ಪ್ರೀತಿಯ ತಮ್ಮನೆದುರು ಅಳುವುದಕ್ಕೊಂದು ಕಾರಣ ಹೇಳಲೂ ಆ ಮನುಷ್ಯನಿಗೆ ದಾರಿಯಿರಲಿಲ್ಲ.

ರಮೇಶ, ನೋವು ಜಾಸ್ತಿಯಾಗಿದೆ ಎಂದುಕೊಂಡು ಓಡಿಹೋಗಿ ನರ್ಸನ್ನು ಕರೆತಂದರು.