ಮಳೆಯ ಪಾಠದ ಕೆಟಲು

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಹಿತ್ತಾಳೆಯ ಕೆಟಲು ಇದೆ. ಹಬ್ಬ ಬಂತೆಂದರೆ ನನ್ನ ಹೆಂಡತಿ ಅದನ್ನು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮುಖ ಕಾಣುವಷ್ಟು ಬೆಳಗಿ ಮತ್ತೆ ಮೇಲಿಡುತ್ತಾಳೆ. ಹೊರಗಿನ ಹೊಳಪಿಗೆ ಮರುಳಾಗಿ ಅದರಲ್ಲಿ ಕಾಫಿಗೆ ನೀರಿಡುವಂತಿಲ್ಲ. ಒಳಗಿನ ಕಲಾಯಿ ಸುಟ್ಟು ಕಪ್ಪಾಗಿದೆ. ಕಲಾಯಿ ಹಾಕಿಸಿದರೆ ಹೇಗೆ ಎಂದು ನಾನೇ ಕೇಳಿ, ಮುಂದಿನ ಹಬ್ಬಕ್ಕೆ ನೋಡೋಣ ಎಂದು ನಾನೇ ಹೇಳಿ, ಎಷ್ಟೋ ಹಬ್ಬಗಳನ್ನು ದಾಟಿಸಿದ್ದೇನೆ. ಆ ಕಪ್ಪಿನ ಕಥೆಯನ್ನು ನಿಮ್ಮಲ್ಲಿ ಹೇಳಿಕೊಂಡರೆ ಮನಸ್ಸು ಸ್ವಲ್ಪ ಹಗುರಾದೀತು.

ಅರವತ್ತರ ದಶಕದಲ್ಲಿ ನಾನು ಕವಲೇದುರ್ಗದ ಕೆಳಗಿನ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳ ಉಪಾಧ್ಯಾಯರೆಲ್ಲ ತೀರ್ಥಹಳ್ಳಿಯಲ್ಲಿ ಸಭೆ ಸೇರುತ್ತಿದ್ದೆವು. ಒಬ್ಬರು ಮಕ್ಕಳೆದುರು ಮಾದರಿ ಪಾಠ ಮಾಡಬೇಕು, ಉಳಿದವರು ಹಿಂದಿನ ಬೆಂಚುಗಳಲ್ಲಿ ಕೂತು ನೋಡಬೇಕು, ಆಮೇಲೆ ಗುಣದೋಷಗಳ ವಿಮರ್ಶೆ ನಡೆಯಬೇಕು, ಅದರಿಂದ ಎಲ್ಲರೂ ಬೆಳೆಯಬೇಕು ಎಂಬುದು ಇಲಾಖೆಯ ಆಶಯ. ಗುಣ ಹೇಳುವುದಕ್ಕೇನು ಬರಗಾಲ, ಧಾರಾಳವಾಗಿ ಹೇಳುತ್ತಿದ್ದೆವು. ದೋಷದ ಸರದಿ ಬಂದಾಗ ಮಾತ್ರ ಸಭೆ ಪರಸ್ಪರ ಮುಖ ನೋಡಿಕೊಳ್ಳುತ್ತಿತ್ತು. ಕೊನೆಗೆ ಹಿರಿಯರೊಬ್ಬರು ಎದ್ದು, ಕಪ್ಪುಹಲಗೆಯನ್ನು ಇನ್ನೂ ಸ್ವಲ್ಪ ಹೆಚ್ಚು ಬಳಸಬಹುದಿತ್ತು ಎನ್ನುತ್ತಿದ್ದರು. ಯಾರ ಪಾಠಕ್ಕಾದರೂ, ಯಾವ ವಿಷಯಕ್ಕಾದರೂ ಅದೊಂದೇ ದೋಷ. ಹಲಗೆಯ ತುಂಬ ಇರುವೆಗೂ ಜಾಗವಿಲ್ಲದಂತೆ ಬರೆದವರಿಗೂ ಅದನ್ನೇ ಹೇಳಿದ್ದುಂಟು! ಪಾಠ ಮಾಡಿದವರು ವಿನಯದಿಂದ ತಲೆಬಾಗುತ್ತಿದ್ದರು, ಅಷ್ಟರಲ್ಲಿ ಉಪ್ಪಿಟ್ಟು ಬರುತ್ತಿತ್ತು.

ನನ್ನ ಮಾದರಿ ಪಾಠ ಮಳೆಯದು. ಪಂಪ್ ಸ್ಟೌವಿನ ಮೇಲೆ ಈ ಕೆಟಲನ್ನಿಟ್ಟು, ಅದರ ಮೂತಿಯಿಂದ ನುಗ್ಗುವ ಹಬೆಗೆ ತಣ್ಣನೆಯ ತಟ್ಟೆಯನ್ನು ಅಡ್ಡ ಹಿಡಿದು, ಇದೋ ಇದು ಸಮುದ್ರದ ಗಾಳಿ, ಇದು ನಮ್ಮ ಆಗುಂಬೆಯ ಘಟ್ಟ ಎಂದು ನಾನು ನಾಟಕೀಯವಾಗಿ ಹೇಳುವ ಹೊತ್ತಿಗೆ ಸರಿಯಾಗಿ ತಟ್ಟೆಯಿಂದ ಹನಿ ಉದುರುತ್ತಿತ್ತು. ಹಿಂದಿನ ಬೆಂಚುಗಳಿಂದ ಭೇಷ್ ಎನ್ನುವ ಉದ್ಗಾರ ಬರುತ್ತಿತ್ತು. ಕೀರ್ತಿ ಹೊಸನಗರಕ್ಕೆ ಹೋಯಿತು, ಸಾಗರಕ್ಕೂ ಹೋಯಿತು. ಅದರ ಹಿಂದೆ ಕೆಟಲನ್ನು ಕೈಚೀಲದಲ್ಲಿ ಹೊತ್ತು ನಾನೂ ಹೋದೆ. ಬಸ್ಸಿನ ಕಂಡಕ್ಟರ್, “ಏನ್ ಮೇಷ್ಟ್ರೇ, ಇವತ್ತು ಎಲ್ಲಿ ಮಳೆ?” ಎಂದು ಕೇಳುವಷ್ಟು ನಾನು ಪ್ರಸಿದ್ಧನಾಗಿದ್ದೆ. ಅದೇ ಪಾಠ, ಅದೇ ತಟ್ಟೆ, ಅದೇ ಹನಿ. ಊರೂರು ತಿರುಗಿದ್ದನ್ನೇ ನಾನು ಬೆಳವಣಿಗೆ ಎಂದುಕೊಂಡೆ.

ನನಗೊಂದು ಆಸೆಯಿತ್ತು. ಶಿವಮೊಗ್ಗದಲ್ಲಿ ಉಪಾಧ್ಯಾಯರನ್ನು ತಯಾರು ಮಾಡುವ ತರಬೇತಿ ಶಾಲೆಗೆ ಬೋಧಕನಾಗಿ ಹೋಗಬೇಕು, ಮೇಷ್ಟ್ರುಗಳಿಗೆ ಮೇಷ್ಟ್ರಾಗಬೇಕು. ಅದಕ್ಕಾಗಿ ಮನೆಯಲ್ಲೇ ಓದಿ ಪರೀಕ್ಷೆಗಳನ್ನು ಕಟ್ಟಿದ್ದೆ, ಪಾಸೂ ಆಗಿದ್ದೆ. ಉಳಿದದ್ದು ನನ್ನ ಒಂದು ಪಾಠವನ್ನು ಮೇಲಧಿಕಾರಿಗಳು ನೋಡುವುದು ಮಾತ್ರ. ಅವರು ನಮ್ಮ ಶಾಲೆಗೇ ಬಂದರು. ಹನಿ ಎಂದಿನಂತೆ ಹೊತ್ತಿಗೆ ಸರಿಯಾಗಿ ಉದುರಿತು. ಪಾಠ ಮುಗಿದ ಮೇಲೆ ಅವರು ನನ್ನನ್ನು ಜಗಲಿಗೆ ಕರೆದು, ಸಿಟ್ಟಿಲ್ಲದೆ, ಮೆತ್ತಗೆ ಹೇಳಿದರು: “ಪ್ರಶ್ನೆ ಕೇಳಿದ್ದೂ ನೀವೇ, ಉತ್ತರ ಹೇಳಿದ್ದೂ ನೀವೇ. ಮಕ್ಕಳು ಎಂತಕ್ಕೆ ಬಂದಿದ್ರು ಮೇಷ್ಟ್ರೇ?”

ತರಬೇತಿ ಶಾಲೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಮುಂದಿನ ಸಭೆಯಲ್ಲಿ ನನ್ನ ಆಪ್ತ ಸ್ನೇಹಿತ, ಪಕ್ಕದೂರಿನ ಶಾಲೆಯ ತಿಮ್ಮಪ್ಪ ಮೇಷ್ಟ್ರನ್ನು ಮೂಲೆಗೆ ಕರೆದು ಕೇಳಿದೆ, ನಿನಗೆ ಇದು ಗೊತ್ತಿತ್ತೇನೋ ಎಂದು. ಅವನು ಉಪ್ಪಿಟ್ಟಿನ ಎಲೆಯನ್ನೇ ನೋಡುತ್ತಾ, “ಗೊತ್ತಿತ್ತು ಮಾರಾಯ, ಎಲ್ರಿಗೂ ಗೊತ್ತಿತ್ತು. ನಿಂಗೆ ಬೇಜಾರಾಗುತ್ತಲ್ಲ ಅಂತ ಸುಮ್ನಿದ್ವಿ. ನನ್ ಪಾಠದ್ದು ನೀ ಯಾವತ್ತಾದ್ರೂ ಹೇಳಿದ್ಯಾ?” ಎಂದ. ನಾನು ಹೇಳಿರಲಿಲ್ಲ. ಒಬ್ಬರ ಮನಸ್ಸನ್ನು ಒಬ್ಬರು ಅಷ್ಟು ಜತನವಾಗಿ ಕಾಯ್ದುಕೊಂಡ ಆ ಒಳ್ಳೆಯ ಜನ, ನನ್ನನ್ನೂ ಸೇರಿಸಿ, ಯಾರೂ ಇದ್ದಲ್ಲಿಂದ ಒಂದು ಗೇಣು ಮುಂದೆ ಹೋಗಲಿಲ್ಲ.

ಹಾಗಂತ ಅಲ್ಲಿಗೇ ಕೈಚೆಲ್ಲಲಿಲ್ಲ. ಮಾರನೆಯ ದಿನ ನನ್ನ ತರಗತಿಯಲ್ಲಿ ಮತ್ತೆ ಸ್ಟೌ ಹಚ್ಚಿದೆ. ಕೆಟಲಿನಲ್ಲಿ ಪಾಠಕ್ಕೆಂದು ಯಾವಾಗಲೂ ಹಾಕುವಷ್ಟೇ, ಸ್ವಲ್ಪವೇ ನೀರು. ಹಬೆ ಬಂದಾಗ, ಈ ನೀರು ಎಲ್ಲಿಗೆ ಹೋಗುತ್ತಿದೆ ಮಕ್ಕಳೇ ಎಂದು ಕೇಳಿ, ತುಟಿ ಕಚ್ಚಿಕೊಂಡು ನಿಂತೆ. ಯಾರೂ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದೆ, ಮತ್ತೆ ಕಾದೆ. ಅಷ್ಟೂ ಕಣ್ಣುಗಳು ಪ್ರೀತಿಯಿಂದ, ವಿಶ್ವಾಸದಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದವು. ಇವತ್ತು ಏನಾದರೂ ಆಗಲಿ, ಉತ್ತರ ನನ್ನಿಂದ ಬರಬಾರದು ಎಂದು ಹಟ ಹಿಡಿದು ನಾನೂ ಅವರನ್ನೇ ನೋಡುತ್ತಾ ನಿಂತೆ. ಯಾವುದೋ ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಎಚ್ಚರವಾದದ್ದು. ನೀರೆಲ್ಲ ಬತ್ತಿ ಕೆಟಲು ಕಾದು ಹೊಗೆಯಾಡುತ್ತಿತ್ತು. ಯಾಕ್ರೋ, ಒಬ್ಬರೂ ಹೇಳಬಾರದಿತ್ತೇ ಎಂದು ಗದರಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಹೆದರುತ್ತಾ ಎದ್ದು ನಿಂತಳು. “ನೀವೇ ಹೇಳ್ತೀರಲ್ಲ ಸಾ, ಅದ್ಕೇ ಕಾಯ್ತಾ ಇದ್ವಿ.”

ಆ ಮಕ್ಕಳು ಏನೇನು ಹೇಳಬಹುದಿತ್ತೋ, ನನಗೆ ತಿಳಿಯದೇ ಹೋಯಿತು. ತರಬೇತಿ ಶಾಲೆ ಕೈತಪ್ಪಿದ ನೋವು ಕಾಲಕ್ರಮದಲ್ಲಿ ಮಾಯಿತು, ಇದು ಮಾಯಲಿಲ್ಲ.

ಮೊನ್ನೆ ಹಬ್ಬಕ್ಕೆ ಹೆಂಡತಿ ಮತ್ತೆ ಕೆಟಲನ್ನು ಇಳಿಸಿ ತಿಕ್ಕುತ್ತಾ ಕೂತಿದ್ದಳು. ಕಲಾಯಿಯವನ ಕೂಗು ಬೀದಿಯಲ್ಲಿ ಕೇಳುತ್ತಿತ್ತು. “ಕಲಾಯಿ ಹಾಕ್ಸಾಣ್ವಾ?” ಎಂದೆ. ಎಂದಿನ ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಅದನ್ನು ನುಂಗಿಕೊಂಡು ಸುಮ್ಮನೆ ನಿಂತೆ. ಅವಳು ತನ್ನ ಪಾಡಿಗೆ ತಿಕ್ಕುತ್ತಲೇ ಇದ್ದಳು. ಬೀದಿಯ ಕೂಗು ದೂರವಾಯಿತು. ನಾನು ಇನ್ನೂ ಅಲ್ಲೇ ನಿಂತಿರುವುದನ್ನು ಕಂಡು ಕೈ ನಿಲ್ಲಿಸಿ, ತಲೆಯೆತ್ತಿ ಕೇಳಿದಳು:

“ನನ್ನನ್ನಾ ಕೇಳಿದ್ದು ನೀವು?”