ಕಲ್ಲಾದ ತುಪ್ಪ

ಆಗಿನ ಊಟಿಯ ಚಳಿ ಎಂದರೆ ಈಗಿನವರು ಹೊಸ ಸ್ವೆಟರು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ಚಳಿಯಲ್ಲ. ಮಾರ್ಗಶಿರ ಬಂತೆಂದರೆ ಬೆಳಿಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ. ಹಿತ್ತಲ ತೊಟ್ಟಿಯ ನೀರಿನ ಮೇಲೆ ಹಪ್ಪಳದಷ್ಟು ದಪ್ಪ ಮಂಜುಗಡ್ಡೆ. ಅದನ್ನು ಎತ್ತಿ ಬೆಲ್ಲದ ಚೂರಿನ ಜೊತೆ ಕಟಕಟ ಕಡಿಯುವುದು ನಮ್ಮ ಆಟ. ಬಾಲ್ಯ ಎಂದರೆ ಸಾಕು, ನನ್ನ ವಯಸ್ಸಿನವರೆಲ್ಲ ತಿಂದದ್ದನ್ನು ನೆನೆದು ಬಾಯಿ ಚಪ್ಪರಿಸುತ್ತಾರೆ. ನನಗೆ ಮಾತ್ರ ಆ ಚಳಿಗಾಲ ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತದೆ. ಯಾಕೆಂದು ಹೇಳುತ್ತೇನೆ. ಊಟಕ್ಕೆ ಕೂತಿದ್ದರೆ ಎದ್ದ ಮೇಲೆ ಓದಿ.

ಮೊದಲ ಮಹಾಯುದ್ಧಕ್ಕಿಂತ ಮುಂಚಿನ ಮಾತು. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಸೀಗೂರು ಘಾಟಿ ಹತ್ತಿ ಬಂದು ಊಟಿಯಲ್ಲಿ ರಾಗಿ, ಬೆಲ್ಲದ ಅಂಗಡಿ ಇಟ್ಟಿದ್ದರು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮಾಂಸದ ಹೆಸರೆತ್ತಿದರೂ ಬಾಯಿ ಮುಕ್ಕಳಿಸಬೇಕು. ನಮ್ಮ ಬೀದಿಯಲ್ಲಿ ಹೀಗೆ ಕೆಳಗಿನಿಂದ ಬಂದ ಹತ್ತು ಹನ್ನೆರಡು ಮನೆಗಳಿದ್ದವು. ಎಲ್ಲರಿಗೂ ತುಪ್ಪ ತರುತ್ತಿದ್ದವರು ತುಮ್ಮನಟ್ಟಿಯ ಜೋಗಿಗೌಡರು, ಆ ಬೆಟ್ಟದವರೇ ಆದ ಬಡಗರು. ಬಿಳಿ ಮುಂಡಾಸು, ಬಿಳಿ ದುಪ್ಪಟಿ, ಮೈಯೆಲ್ಲ ಸೌದೆ ಹೊಗೆಯ ವಾಸನೆ. ಅವರ ಜನರಲ್ಲಿ ಮನೆಯೊಳಗೆ ಹಾಲಿಗೆಂದೇ ಒಂದು ಕೋಣೆ. ಗಂಡಸರೇ ಶುದ್ಧವಾಗಿ ಹೋಗಿ ಕಡೆಯಬೇಕು, ಹೆಂಗಸರು ಅದರ ಹೊಸಿಲೂ ದಾಟುವಂತಿಲ್ಲ. ನಾಲ್ಕು ವರ್ಷ ಆ ಎಮ್ಮೆ ತುಪ್ಪ ಉಂಡೇ ನಾನು ಬೆಳೆದದ್ದು. ಬಂದಾಗಲೆಲ್ಲ ಗೌಡರು, "ಕೂಸೇ, ಕೈ ಹಿಡಿ," ಎಂದು ಅಂಗೈ ಮೇಲೆ ಒಂದು ಬೆರಳು ತುಪ್ಪ ಇಡುತ್ತಿದ್ದರು. ನಾನು ಮೊಣಕೈವರೆಗೆ ನೆಕ್ಕುತ್ತಿದ್ದೆ.

ಆ ವರ್ಷ ಅವ್ವನಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅವಳ ತಾಯಿ, ನನ್ನ ಅಜ್ಜಿ, ಊರಿನಿಂದ ಗಾಡಿ ಹತ್ತಿ ಬಂದಳು. ಬೆಟ್ಟದ ಚಳಿಯನ್ನು ಆಕೆ ಕಂಡದ್ದು ಅದೇ ಮೊದಲು. ಬಂದವಳೇ ಅಡಿಗೆಮನೆಯನ್ನು ಕೈಗೆ ತೆಗೆದುಕೊಂಡಳು. ಅವ್ವ ತುಪ್ಪದ ಗಡಿಗೆಯನ್ನು ಯಾವಾಗಲೂ ಒಲೆಯ ಮಗ್ಗುಲಲ್ಲಿ ಇಡುತ್ತಿದ್ದಳು. ಅಲ್ಲಿ ಅದು ತಿಳಿಯಾಗಿ, ಹರಿಯುವ ಹಾಗೆ ಇರುತ್ತಿತ್ತು. ಅಜ್ಜಿಗೆ ಅದು ಸರಿಬರಲಿಲ್ಲ. "ಒಲೆ ಬೂದಿ ಹಾರಿ ಬಿದ್ದಾತು," ಎಂದು ಗಡಿಗೆಯನ್ನು ಎತ್ತಿ ಬಡಗಣ ಕಿಟಕಿಯ ಮೇಲಿಟ್ಟಳು.

ನಾನು ಮಿಶನ್ ಶಾಲೆಗೆ ಹೋಗುತ್ತಿದ್ದೆ, ಒಂಬತ್ತು ವರ್ಷ. ಮರುದಿನ ಟೀಚರಮ್ಮ ವಸ್ತುಪಾಠದಲ್ಲಿ ಪದಾರ್ಥಗಳ ಗುಣ ಶುರುಮಾಡಿದರು. ಮೇಣದಬತ್ತಿಯಂಥ ಒಂದು ಬತ್ತಿ ಹಚ್ಚಿ, ಅದರ ಹನಿಯನ್ನು ನಮ್ಮ ಸ್ಲೇಟುಗಳ ಮೇಲೆ ಬೀಳಿಸಿದರು. ನೀರಿನಂತೆ ಬಿದ್ದದ್ದು ನೋಡನೋಡುತ್ತಾ ಬೆಳ್ಳಗಾಗಿ ಬಿಗಿಯಿತು. ನಾವೆಲ್ಲ ಉಗುರಿನಿಂದ ಕೆರೆದು ಉಂಡೆ ಮಾಡಿದೆವು. ಇದು ಯಾವುದರದ್ದು ಎಂದು ಒಬ್ಬಳು ಕೇಳಿದಳು.

"ಇದು ಅಗ್ಗದ ಬತ್ತಿ. ಮೇಣವಲ್ಲ, ದನದ ಕೊಬ್ಬು," ಎಂದರು ಟೀಚರಮ್ಮ. "ಬಿಸಿಗೆ ಕರಗುತ್ತದೆ, ತಣ್ಣಗಾದರೆ ಹೀಗೆ ಗಟ್ಟಿ ಕಟ್ಟುತ್ತದೆ. ಉಳಿದದ್ದು ನಾಳೆ."

ಗಂಟೆ ಹೊಡೆಯಿತು. ನಾನು ಉಂಡೆಯನ್ನು ಎಸೆದು, ಶಾಲೆಯ ಗೋಡೆಗೆ ಬೆರಳು ಉಜ್ಜಿದೆ, ಚರ್ಮ ಕೆಂಪಾಗುವವರೆಗೆ. ಮನೆಗೆ ಬಂದು ಊಟಕ್ಕೆ ಕೂತಾಗಲೂ ಬೆರಳಲ್ಲಿ ಆ ಜಿಡ್ಡು ಇದ್ದ ಹಾಗೇ ಇತ್ತು.

ಅಜ್ಜಿ ಕಿಟಕಿಯಿಂದ ಗಡಿಗೆ ತಂದು ಸೌಟು ಹಾಕಿದಳು. ಸೌಟು ಟಣ್ ಎಂದಿತು. ತುಪ್ಪ ಕಲ್ಲಾಗಿತ್ತು. ಎಮ್ಮೆ ತುಪ್ಪವಾದ್ದರಿಂದ ಬಣ್ಣವೂ ಇಲ್ಲ, ಅಚ್ಚ ಬಿಳಿ. ಅಜ್ಜಿಯ ಊರಿನ ಚಳಿಗೆ ತುಪ್ಪ ಮರಳುಮರಳಾಗುತ್ತಿತ್ತೇ ಹೊರತು ಹೀಗೆ ಕಲ್ಲಾಗುತ್ತಿರಲಿಲ್ಲ. ಅಜ್ಜಿ ಕೆರೆದು ನನ್ನ ಅನ್ನದ ಮೇಲೆ ಹಾಕಿದಳು. ಅನ್ನ ಆರಿತ್ತು. ಒಂದು ತುತ್ತು ಇಟ್ಟೆ. ಅಂಗುಳಕ್ಕೆ, ತುಟಿಗೆ ಬಿಳಿ ಪೊರೆ ಹತ್ತಿಕೊಂಡಿತು. ಅಲ್ಪವಿದ್ಯೆ ಮಹಾಗರ್ವಿ. ನಾನು ಬಾಯಿ ಬಿಟ್ಟೆ.

"ಅಜ್ಜೀ, ಇದು ಥೇಟು ಟೀಚರಮ್ಮನ ಬತ್ತಿ ಹಂಗೇ ಅದೆ. ಅದು ದನದ ಕೊಬ್ಬಂತೆ."

ಅಜ್ಜಿಯ ಕೈಯಿಂದ ಸೌಟು ಬಿತ್ತು. ಗಡಿಗೆಯನ್ನು ಮೂಸಿದಳು, ಮತ್ತೆ ಮೂಸಿದಳು. ತುಪ್ಪದ ವಾಸನೆಯೇ ಇದ್ದಿರಬೇಕು. ಆದರೆ ಮೂಗಿಗಿಂತ ಮುಂಚೆ ಮಾತು ಒಳಗೆ ಹೋಗಿತ್ತಲ್ಲ!

"ಅಯ್ಯೋ ಶಿವನೇ! ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತಿದ್ರು, ನಿಜ ಆಗೋಯ್ತು. ದೇವರ ದೀಪಕ್ಕೂ ಇದ್ನೇ ಹಾಕ್ಬುಟ್ನಲ್ಲ! ಬಾಣಂತಿಗೆ ತಿನ್ಸ್ಬುಟ್ನಲ್ಲ!"

ಒಳಕೋಣೆಯಿಂದ ಅವ್ವ ಕೂಗಿದಳು. "ನಾಕು ವರ್ಸದಿಂದ ತಿಂತಾ ಇವಿ ಕನವ್ವಾ. ಗೌಡ್ರು ಅಂಥೋರಲ್ಲ."

"ನೀನು ಸುಮ್ಕೆ ಮನಿಕೊ," ಎಂದಳು ಅಜ್ಜಿ.

ಆಮೇಲೆ ನಡೆದದ್ದನ್ನು ಬರೆಯಲೂ ಅಸಹ್ಯ. ಅಂಟುವಾಳದ ಕಾಯಿ ಕಿವುಚಿ, ಬಿಸಿನೀರಿಗೆ ಉಪ್ಪು ಸುರಿದು, ಆ ನೊರೆಯನ್ನು ನನಗೂ ಅಪ್ಪನಿಗೂ ಕುಡಿಸಿದಳು, ತಾನೂ ಕುಡಿದಳು. ಹಿತ್ತಲಲ್ಲಿ ಮೂವರೂ ಸಾಲಾಗಿ ಕೂತು ಕಕ್ಕಿದೆವು. ಅಜ್ಜಿ ನನ್ನ ಗಂಟಲಿಗೆ ಎರಡು ಬೆರಳು ಹಾಕಿ, "ಇನ್ನೂ ಬರ್ಲಿ, ಇನ್ನೂ ಅದೆ," ಎನ್ನುತ್ತಿದ್ದಳು. ಹಳದಿ ಪಿತ್ತ, ಅನ್ನದ ಅಗುಳು, ಮೂಗಿನಲ್ಲೆಲ್ಲ ನೊರೆ. ಥೂ! ಸುದ್ದಿ ಹಬ್ಬಿ, ಸಂಜೆಯೊಳಗೆ ಬೀದಿಯ ಹಿತ್ತಲುಗಳಲ್ಲೆಲ್ಲ ಇದೇ ಮೇಳ. ಗಡಿಗೆಗಳೆಲ್ಲ ತಿಪ್ಪೆ ಸೇರಿದವು.

ಮಾರನೆಯ ದಿನ ಟೀಚರಮ್ಮ ಪಾಠ ಮುಂದುವರಿಸಿದರು. ಮೇಜಿನ ಮೇಲೆ ಮೂರು ಬಟ್ಟಲು: ಮಂಜುಗಡ್ಡೆ, ಕೊಬ್ಬರಿ ಎಣ್ಣೆ, ತುಪ್ಪ. ಎಣ್ಣೆಯೂ ತುಪ್ಪವೂ ಬೆಳ್ಳಗೆ ಗಟ್ಟಿಯಾಗಿದ್ದವು. ಕೆಂಡದ ಮೇಲೆ ಹಿಡಿದರು, ಮೂರೂ ಕರಗಿದವು. ಕಿಟಕಿಯಲ್ಲಿಟ್ಟರು; ಎಣ್ಣೆ, ತುಪ್ಪ ಮತ್ತೆ ಬಿಗಿದವು. "ರೂಪ ಬದಲಾಯಿತು, ಪದಾರ್ಥ ಬದಲಾಗಲಿಲ್ಲ," ಎಂದರು. ಒಂದು ಕಾಗದ ಸುಟ್ಟು, "ಇದು ಮಾತ್ರ ಮತ್ತೆ ಕಾಗದವಾಗದು," ಎಂದರು. ಅಜ್ಜಿ ಕಿಟಕಿಯ ಮೇಲಿಟ್ಟ ತುಪ್ಪ ಗಟ್ಟಿಯಾಗಿತ್ತು, ಅಷ್ಟೇ. ಜೋಗಿಗೌಡರು ಏನೂ ಬೆರೆಸಿರಲಿಲ್ಲ.

ಮನೆಗೆ ಓಡಿದೆ. ಹೇಳಬೇಕೆಂದೇ ಓಡಿದೆ. ಜಗಲಿಯ ಮೇಲೆ ಅಜ್ಜಿ ಬೀದಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡಿದ್ದಳು. "ನೋಡ್ರವ್ವಾ, ಇದೇ ಮಗ ಕಂಡುಹಿಡ್ದಿದ್ದು! ಇಲ್ದಿದ್ರೆ ನಮ್ಮ ಜಾತೀನೇ ಕೆಟ್ಟೋಗದು," ಎಂದು ನನ್ನ ಮುಖ ನೀವಿ ಲಟಿಕೆ ಮುರಿದಳು. ಒಬ್ಬಾಕೆ ಕೈಗೆ ಸಕ್ಕರೆ ಅಚ್ಚು ಕೊಟ್ಟಳು. ನಾನು ಅದನ್ನು ಬಾಯಿಗೆ ಹಾಕಿಕೊಂಡೆ. ಹೇಳಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾದದ್ದು ಅಂದು ಮೊದಲು.

ಮೂರು ದಿನ ಕಳೆದು ಗೌಡರು ಎಂದಿನಂತೆ ಗಡಿಗೆ ಹೊತ್ತು ಬಂದರು. ಬೀದಿ ಕೂಡಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಅಜ್ಜಿ ಬೈದಳು. ಗೌಡರಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಅವರು ಮುಂಡಾಸು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಎನ್ನ ಹಾಲುಮನೆಯ ತುಪ್ಪ, ಅವ್ವಾ. ಹೆತ್ತ ತಾಯಿಗೂ ಅಲ್ಲಿ ಕಾಲಿಡಲು ಇಲ್ಲೆ. ಅಲ್ಲಿಗೆ ನಾ ಕೊಬ್ಬು ತರುವೆನಾ?"

ಗಡಿಗೆಯಿಂದ ತುಪ್ಪದ ಗಟ್ಟಿಯೊಂದನ್ನು ತೆಗೆದು ಅಂಗೈಯಲ್ಲಿಟ್ಟು ಉಜ್ಜಿದರು. ಅದು ಕರಗಿ ತಿಳಿಯಾಯಿತು. ಎಲ್ಲರ ಮುಂದೆ ಕೈ ನೀಡಿದರು. ಯಾರೂ ಹತ್ತಿರ ಬರಲಿಲ್ಲ. ತಾವೇ ನೆಕ್ಕಿ ತೋರಿಸಿದರು. ಹಿಂದಿನಿಂದ ಒಬ್ಬ, "ಅವ್ನು ತಿಂದ್ರೇನು ಬುಡು," ಎಂದು ನಕ್ಕ. ಆ ನಗು ನೆನೆದರೆ ಈಗಲೂ ಉಗಿಯಬೇಕೆನಿಸುತ್ತದೆ.

"ಇಸ್ಕೂಲಿಗೆ ಹೋಗೋ ಮಗ ಹೇಳ್ಯದೆ," ಎಂದಳು ಅಜ್ಜಿ.

ಗೌಡರು ನನ್ನ ಕಡೆ ತಿರುಗಿದರು. ಅವರ ಮುಖ ಸ್ವಲ್ಪ ಹಗುರಾಯಿತು. "ಕೂಸು ಹೇಳಿತಾ? ಹಾಗಾದರೆ ಕೂಸೇ ನೋಡಲಿ. ಬಾ ಕೂಸೇ, ಕೈ ಹಿಡಿ."

ನಾನು ಹೋದೆ. ಇದು ತುಪ್ಪ, ಒಳ್ಳೆಯ ತುಪ್ಪ, ಚಳಿಗೆ ಗಟ್ಟಿಯಾಯಿತು ಎಂದು ಹೇಳಬೇಕು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವರು ಒಂದು ಬೆರಳು ತುಪ್ಪವನ್ನು ನನ್ನ ಅಂಗೈಯಲ್ಲಿಟ್ಟರು. ಘಮ್ಮೆಂದಿತು. ಬಾಯಿಯ ಹತ್ತಿರ ತಂದೆ. ತುಪ್ಪವೆಂದು ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಿರಲಿಲ್ಲ. ಬತ್ತಿಯ ಉಂಡೆ, ಅಂಟುವಾಳದ ನೊರೆ, ಗಂಟಲಲ್ಲಿ ಅಜ್ಜಿಯ ಬೆರಳು, ಎಲ್ಲ ಒಟ್ಟಿಗೆ ಬಂತು. ಗೌಡರ ಕಾಲ ಮೇಲೇ ಕಕ್ಕಿಬಿಟ್ಟೆ.

ಅಷ್ಟು ಸಾಕಾಯಿತು. ಬೀದಿಗೆ ಬೀದಿಯೇ ಬೊಬ್ಬೆ ಹಾಕಿತು. ಅಪ್ಪ ನೆಲ ನೋಡುತ್ತಾ, "ಇನ್ಮೇಲೆ ಇತ್ಲಾಗ್ ಬರಬ್ಯಾಡಿ ಗೌಡ್ರೇ," ಎಂದರು. ಗೌಡರು ಕಾಲು ಒರೆಸಿಕೊಳ್ಳಲಿಲ್ಲ. ಗಡಿಗೆಯನ್ನು ಹೆಗಲಿಗೇರಿಸಿ, ನನ್ನನ್ನು ಒಂದು ಸಲ ನೋಡಿ, ಇಳಿಜಾರಿನಲ್ಲಿ ನಡೆದುಹೋದರು.

ಅಜ್ಜಿ ಊರಿಗೆ ಹೊರಡುವ ದಿನ ಧೈರ್ಯ ಮಾಡಿ ಎಲ್ಲವನ್ನೂ ಹೇಳಿದೆ. ಕೊಬ್ಬರಿ ಎಣ್ಣೆಯನ್ನು ಕರಗಿಸಿ, ಕಿಟಕಿಯಲ್ಲಿಟ್ಟು ತೋರಿಸಿದೆ. ಆಕೆ ಬಟ್ಟಲನ್ನು ಎತ್ತಿ ಅಲ್ಲಾಡಿಸಿ ನೋಡಿದಳು. ಆಮೇಲೆ ಕೇಳಿದಳು, "ಹಂಗಾದ್ರೆ ನೀನ್ಯಾಕೆ ಕಕ್ದೆ?"

ಅಂದಿನಿಂದ ತುಪ್ಪ ನನ್ನ ನಾಲಿಗೆಗೆ ಸೋಕಿಲ್ಲ. ಈಗ ಅದೇ ಬೀದಿಯವರು ಡಬ್ಬಿಯ ವನಸ್ಪತಿ ತಿನ್ನುತ್ತಾರೆ. ಏನು ಹಾಕಿ ಮಾಡಿದ್ದೋ ಯಾರಿಗೂ ಗೊತ್ತಿಲ್ಲ, ಯಾರೂ ಕಕ್ಕುವುದಿಲ್ಲ.

ತಪ್ಪು ಒಪ್ಪಿಕೊಳ್ಳಲು ತುಮ್ಮನಟ್ಟಿಗೆ ಹೋಗಲು ನನಗೆ ನಲವತ್ತು ವರ್ಷ ಬೇಕಾಯಿತು. ಗೌಡರು ತೀರಿಕೊಂಡು ಬಹಳ ಕಾಲವಾಗಿತ್ತು. ಎಮ್ಮೆಗಳಿರಲಿಲ್ಲ, ಹಾಲಿನ ಕೋಣೆಯಲ್ಲಿ ಆಲೂಗಡ್ಡೆಯ ಮೂಟೆಗಳು ಮಣ್ಣುವಾಸನೆ ಹೊಡೆಯುತ್ತಿದ್ದವು. ಅವರ ಸೊಸೆ ನಾನು ಹೇಳಿದ್ದನ್ನೆಲ್ಲ ಕೇಳಿ, "ಮಾವ ಒಂದು ದಿನವೂ ಹೇಳಲು ಇಲ್ಲೆ," ಎಂದಳು. "ಎಮ್ಮೆ ಯಾಕೆ ಕೊಟ್ಟುಬಿಟ್ಟರು ಎಂದು ಎಂಗಳಿಗೆ ತಿಳಿಯಲೇ ಇಲ್ಲೆ." ಕಣ್ಣೊರೆಸಿಕೊಂಡು, ಉಣ್ಣದೆ ಹೋಗಕೂಡದೆಂದು ಕೂರಿಸಿದಳು. ರಾಗಿ ಹಿಟ್ಟಿನ ಮುದ್ದೆ ಬಡಿಸಿ, ನಡುವೆ ಗುಳಿ ಮಾಡಿ, ನನಗೆಂದೇ ಪಕ್ಕದ ಹಟ್ಟಿಯಿಂದ ತರಿಸಿದ್ದ ತುಪ್ಪವನ್ನು ಬಿಸಿಮಾಡಿ ತಂದಳು.

ಉಣ್ಣಬೇಕು, ಸತ್ತರೂ ಉಣ್ಣಬೇಕು ಎಂದುಕೊಂಡೆ. ಬಾಯಲ್ಲಿ ಉಪ್ಪುನೀರು ಊರಿತು. ನನ್ನ ಕೈ ತಾನಾಗಿ ತಟ್ಟೆಗೆ ಅಡ್ಡ ಹೋಯಿತು.

ಆಕೆ ಎತ್ತಿದ್ದ ಸೌಟನ್ನು ಕೆಳಗಿಳಿಸಿದಳು. ತುಪ್ಪವನ್ನು ಒಳಗೆ ತೆಗೆದುಕೊಂಡು ಹೋದಳು.